ಪರಾತದ ಮೇಲಿನ ಅರವತ್ತೇಳು

ನನ್ನ ಗೊಂಚಲಿನಲ್ಲಿದ್ದ ಒಂದು ಕೀಲಿಕೈ ಹತ್ತೊಂಬತ್ತು ವರ್ಷ ಯಾವ ಕೆಲಸವನ್ನೂ ಮಾಡದೆ ನನ್ನೊಡನೆ ಊರೂರು ತಿರುಗಿತು. ಉಳಿದವು ಕಾಲಕಾಲಕ್ಕೆ ಬದಲಾದವು. ಮನೆ ಬದಲಿಸಿದಾಗ ಮನೆಯದು ಹೋಯಿತು, ಸ್ಕೂಟರ್ ಕೊಟ್ಟಾಗ ಸ್ಕೂಟರಿನದು ಹೋಯಿತು, ನಿವೃತ್ತನಾದ ದಿನ ಕಚೇರಿಯ ಬೀರುವಿನದನ್ನು ಸಹಿ ಮಾಡಿ ಒಪ್ಪಿಸಿದೆ. ಇದೊಂದು ಮಾತ್ರ, ಏನು ಕೆಲಸ ಮಾಡುತ್ತಾನೆಂದು ಯಾರಿಗೂ ತಿಳಿಯದ, ಆದರೆ ಎಲ್ಲರಿಗಿಂತ ಹಳಬನಾದ ನೌಕರನ ಹಾಗೆ, ಜೇಬಿನೊಳಗೆ ತಣ್ಣಗೆ ಕುಳಿತಿತ್ತು.

ಅದು ಹುಮನಾಬಾದಿನ ಒಂದು ಖೋಲಿಯ ಕೀಲಿಕೈ. ರೈತರ ಕಾಳು ಮಾರಿಸಿಕೊಡುವ ಗೆಳೆಯ ವೈಜಿನಾಥನ ಅಡತಿ ಅಂಗಡಿಯ ಹಿಂಭಾಗದಲ್ಲಿ, ತೊಗರಿ ಚೀಲಗಳ ಗೋದಾಮಿಗೆ ಒತ್ತಿಕೊಂಡು, ಒಂದು ಕಿರಿದಾದ ಖೋಲಿ ಇತ್ತು. ಬಸವಕಲ್ಯಾಣದ ಓಣಿಯ ಮನೆಯನ್ನು ಬಿಟ್ಟು ಅವ್ವ ನಮ್ಮೊಡನೆ ಇರಲು ಬಂದಾಗ, ಅಲ್ಲಿದ್ದ ಸಾಮಾನನ್ನೆಲ್ಲ ಟೆಂಪೊಕ್ಕೆ ಹೇರಿ 'ಎರಡು ತಿಂಗಳ ಮಟ್ಟಿಗೆ' ಎಂದು ಅಲ್ಲಿ ಇರಿಸಿದ್ದೆ. ಅವ್ವ ಆಮೇಲೆ ಆರು ವರ್ಷ ಬದುಕಿದಳು. ಸಾಮಾನು ಅವಳಿಗಿಂತ ಹದಿಮೂರು ವರ್ಷ ಹೆಚ್ಚು ಬದುಕಿತು. ಈ ಲೆಕ್ಕವನ್ನು ನಾನು ನೆನಪಿನಿಂದ ಹೇಳುತ್ತಿಲ್ಲ. ಆ ವರ್ಷದ ದಿನಚರಿಯನ್ನೂ ಟೆಂಪೊದವನು ಕೊಟ್ಟ ಚೀಟಿಯನ್ನೂ ಎದುರುಬದುರಾಗಿಟ್ಟು ನೋಡಿಯೇ ಬರೆಯುತ್ತಿದ್ದೇನೆ. ವೃತ್ತಿಯುದ್ದಕ್ಕೂ ಶಾಸನಗಳ ಕಾಲನಿರ್ಣಯ ಮಾಡಿದವನಿಗೆ 'ಸುಮಾರು' ಎಂಬ ಪದ ಗಂಟಲಿನಲ್ಲಿ ಇಳಿಯುವುದಿಲ್ಲ. ನಮ್ಮ ಮನೆಯ ಉಪ್ಪಿನಕಾಯಿ ಜಾಡಿಗಳ ಮೇಲೆ ತಿಥಿ, ವಾರ, ಮಾಸ ಬರೆದ ಚೀಟಿಗಳಿರುತ್ತವೆ. ಈ ಬಗ್ಗೆ ನನ್ನ ಹೆಂಡತಿಯ ಅಭಿಪ್ರಾಯವೇನೆಂದು ದಯವಿಟ್ಟು ಕೇಳಬೇಡಿ.

ಹೋದ ಬೇಸಿಗೆಯಲ್ಲಿ ವೈಜಿನಾಥನ ಫೋನು ಬಂತು.

"ಪ್ರೊಫೆಸರ್ ಸಾಬ, ಆ ಖೋಲಿ ಖಾಲಿ ಮಾಡಿಬಿಡೋ. ಗ್ವಾಡಿ ಕುಸಿಯಾಕತ್ತದ. ಮಳಿ ಬಂದ್ರ ನಿನ್ನ ಇತಿಹಾಸ ಎಲ್ಲಾ ತೊಯ್ದು ತೊಪ್ಪಿ ಆಗ್ತದ."

"ನಾ ಪ್ರೊಫೆಸರ್ ಅಲ್ಲ, ಸಂಶೋಧಕ," ಎಂದೆ. ಇದನ್ನು ಅವನಿಗೆ ಹೇಳುತ್ತಲೇ ನನಗೆ ಮುಪ್ಪು ಬಂದಿದೆ.

"ಯಾವುದರ ಇರಲಿ ಯಾರ್. ಇಬ್ಬರೂ ಧೂಳ ತಿಂದವರೇ. ನೀ ಹಳೇ ಧೂಳ, ನಾ ತೊಗರಿ ಧೂಳ."

ಹೋದೆ. ಬಸವಕಲ್ಯಾಣದಿಂದ ಅಕ್ಕನೂ ಬಂದಳು. ಅಕ್ಕನೆಂದರೆ ನನಗಿಂತ ಆರೇಳು ವರ್ಷ ಹಿರಿಯಳಾದ ಮಹಾದೇವಕ್ಕ. ಮಂಡಿ ನೋವಿದ್ದರೂ ಮಾತಿಗೆ ಯಾವ ನೋವೂ ಇಲ್ಲದವಳು. ಕೀಲಿ ಮೊದಲು ತಿರುಗಲಿಲ್ಲ. ವೈಜಿನಾಥ ಎರಡು ಹನಿ ಎಣ್ಣೆ ಬಿಟ್ಟ ಮೇಲೆ, ನಿದ್ದೆಯಲ್ಲಿದ್ದವನನ್ನು ಎಬ್ಬಿಸಿದಾಗ ಬರುವ ಸದ್ದಿನಂತೆ ಏನನ್ನೋ ಗೊಣಗಿ ತೆರೆದುಕೊಂಡಿತು. ಒಳಗೆ ಇಣುಕಿದರೆ ಮೇಲಿನ ಬೆಳಕಿಂಡಿಯಿಂದ ಒಂದು ಬಿಸಿಲುಕೋಲು ಇಳಿದಿತ್ತು. ಗೋದಾಮಿನ ತೊಗರಿ ಹೊಟ್ಟು ಅದರೊಳಗೆ ಏಳುತ್ತ ಇಳಿಯುತ್ತ ಹೊಂಬಣ್ಣದಲ್ಲಿ ತೇಲುತ್ತಿತ್ತು. ಆ ಬೆಳಕಿನ ಕೆಳಗೆ ನಮ್ಮ ಓಣಿಯ ಮನೆಯೇ ಮಡಚಿ ಒಟ್ಟಿದ ಹಾಗೆ ಕುಳಿತಿತ್ತು. ಪಡಸಾಲೆಯ ಲೋಡು ಅಡಿಗೆಮನೆಯ ಬೀಸುಕಲ್ಲಿಗೆ ಒರಗಿತ್ತು. ದೇವರ ಕೋಣೆಯ ಲಾಟೀನು ಬಚ್ಚಲಿನ ಹಂಡೆಯೊಳಗೆ ಮಲಗಿತ್ತು. ಹೆದ್ದಾರಿಯಲ್ಲಿ ಲಾರಿಯೊಂದು ಹಾದಾಗಲೆಲ್ಲ ಯಾವುದೋ ಪಾತ್ರೆ ಇನ್ನಾವುದೋ ಪಾತ್ರೆಗೆ ತಾಗಿ ಸಣ್ಣಗೆ ನುಡಿಯುತ್ತಿತ್ತು. ಅವ್ವ ಒಳಗೆ ಕೆಲಸದಲ್ಲಿದ್ದಾಗ ನಾನು ಅರೆನಿದ್ದೆಯಲ್ಲಿ ಕೇಳುತ್ತಿದ್ದ ಸದ್ದು ಅದೇ. ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ.

"ನಿಂತ್ಯಾ? ನಿಂತರ ಸಂಜಿ ಆಗ್ತದ," ಎಂದಳು ಅಕ್ಕ, ಸೆರಗನ್ನು ತಲೆಗೆ ಬಿಗಿದುಕೊಳ್ಳುತ್ತ. "ಕೇಳು. ಮುಟ್ಟೂದು, ನೋಡೂದು, ಕೊಡೂದು. ಓದೂದು ಇಲ್ಲ."

ಅವಳ ಭಯಕ್ಕೆ ಕಾರಣವಿತ್ತು. ಸಣ್ಣ ಪಾತ್ರೆಗಳನ್ನು ಹಳೆಯ ಪತ್ರಿಕೆಗಳಲ್ಲಿ ಸುತ್ತಿಟ್ಟಿದ್ದೆವು, ಮತ್ತು ನಾನು ಮೊದಲ ತಂಬಿಗೆಯನ್ನು ಬಿಚ್ಚಿದವನೇ ತಂಬಿಗೆಯನ್ನು ಬದಿಗಿಟ್ಟು ಕಾಗದವನ್ನು ಹಿಡಿದು ಕುಳಿತೆ.

ಕೊಡುವ ಕೆಲಸ ನಾನೆಣಿಸಿದ್ದಕ್ಕಿಂತ ಸಲೀಸಾಗಿ ನಡೆಯಿತು. ಅಡತಿಯಲ್ಲಿ ಕಾಳು ಹಸನು ಮಾಡುವ ಹೆಂಗಸರು ಬಂದು ಕೌದಿಗಳನ್ನು ಬಿಸಿಲಿಗೆ ಕೊಡವಿ, ಹೊಲಿಗೆ ಎಳೆದು ನೋಡಿ, ಹೆಗಲಿಗೆ ಹಾಕಿಕೊಂಡು ಹೋದರು. ಬೀಸುಕಲ್ಲು ಹಳ್ಳಿಖೇಡದಿಂದ ತೊಗರಿ ತಂದಿದ್ದ ರೈತನೊಬ್ಬನ ಟ್ರ್ಯಾಕ್ಟರ್ ಏರಿತು. ಉಳಿದದ್ದು ನನ್ನ ಟಿಪ್ಪಣಿ ಕಾರ್ಡುಗಳ ಹನ್ನೆರಡು ಬೂಟಿನ ಡಬ್ಬಿಗಳು. ಅದರಲ್ಲಿ ಮೂರನ್ನು ಗೆದ್ದಲು ನನಗಿಂತ ಶ್ರದ್ಧೆಯಿಂದ ಓದಿ ಮುಗಿಸಿತ್ತು. ಉಳಿದ ಒಂಬತ್ತನ್ನು ಯಾವ ಗ್ರಂಥಾಲಯಕ್ಕೆ ಕೊಡಲೆಂದು ಯೋಚಿಸುತ್ತಿರುವಾಗ ವೈಜಿನಾಥ ಒಂದು ಕಾರ್ಡನ್ನು ಬೆಳಕಿಗೆ ಹಿಡಿದು, "ಕಾಗದ ದಪ್ಪ ಅದ ನೋಡು. ಸ್ಯಾಂಪಲ್ ತೊಗರಿ ಇಟ್ಟು ತೋರ್ಸಾಕ ಪಸಂದ್," ಎಂದ. ಕೊಟ್ಟೆ. ಹನ್ನೆರಡನೆಯ ಶತಮಾನದ ದಾನಶಾಸನಗಳ ಮೇಲೆ ಈಗ ಹುಮನಾಬಾದಿನ ತೊಗರಿ ಹೊರಳಾಡುತ್ತಿದೆ. ದಾನವೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಮುಂದುವರಿಕೆ ಸಿಗಲಾರದು.

ಒಂದು ವಸ್ತುವನ್ನು ಮಾತ್ರ ಕೊಡುವುದಿಲ್ಲವೆಂದು ಮನೆಯಿಂದ ಹೊರಡುವಾಗಲೇ ನಿರ್ಧರಿಸಿದ್ದೆ. ಅದು ಅವ್ವನ ಹಿತ್ತಾಳೆ ಪರಾತ, ಹಿಟ್ಟು ನಾದುವ ಅಗಲವಾದ ತಟ್ಟೆ.

ಓದುಗರೇ, ನನ್ನನ್ನು ಶಾಸನಗಳ ಕಡೆಗೆ ತಳ್ಳಿದ್ದು ಯಾವ ಗುರುವೂ ಅಲ್ಲ, ಆ ಪರಾತ. ಹಿಂದೆ ನಮ್ಮ ಕಡೆ ಪಾತ್ರೆ ಕೊಂಡರೆ ಅಂಗಡಿಯ ಕಟ್ಟೆಯ ಮೇಲೆ ಕುಳಿತ ಕುಸುರಿಯವನು ಸಣ್ಣ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದು ಕೊಡುತ್ತಿದ್ದ. ಮದುವೆ ಮುಂಜಿಗೆ ಓಣಿಯವರೆಲ್ಲ ಪಾತ್ರೆ ಎರವಲು ಕೊಡುವ ಕಾಲ. ಹೆಸರಿಲ್ಲದ ಪಾತ್ರೆ ಮನೆಗೆ ಮರಳುವ ಖಾತ್ರಿ ಇರಲಿಲ್ಲ. ನಮ್ಮ ಪರಾತದ ಅಂಚಿನ ಹೊರಮೈಯಲ್ಲಿ 'ನೀಲಮ್ಮ' ಎಂದಿತ್ತು. ಅವ್ವನ ಹೆಸರು. ಶಾಲೆಗೆ ಸೇರುವ ಮೊದಲು ಒಂದು ಮಧ್ಯಾಹ್ನ ಅವ್ವ ಹಿಟ್ಟು ಮೆತ್ತಿದ ಕೈಯಿಂದ ನನ್ನ ಬೆರಳನ್ನು ಹಿಡಿದು ಆ ಚುಕ್ಕಿಗಳ ಮೇಲೆ ಹಾಯಿಸಿ, "ಇದು ನೀ," ಎಂದಳು. ನನ್ನನ್ನೇ ಕರೆದಳೆಂದು ತಿಳಿದು "ನಾ?" ಎಂದೆನಂತೆ. "ನೀ ಅಲ್ಲೋ ಹುಚ್ಚಾ, ನೀ ಅಕ್ಷರ." ನಾನು ಓದಿದ ಮೊದಲ ಅಕ್ಷರ ಅದು, ಮೊದಲ ಶಾಸನವೂ ಅದೇ. ಮುಂದೆ ಕಗ್ಗಲ್ಲಿನ ಮೇಲೆ ಬೆರಳಾಡಿಸುತ್ತ ಎಷ್ಟೋ ಬಿಸಿಲು ಕಳೆದಿದ್ದೇನೆ. ಪ್ರತಿ ಸಲವೂ ಬೆರಳ ತುದಿಯಲ್ಲಿ ಎಲ್ಲೋ ಒಂದಿಷ್ಟು ಹಸಿ ಹಿಟ್ಟಿನ ತಂಪು ಇರುತ್ತಿತ್ತು.

ಹೆಸರಿನ ಮುಂದೆ ಒಂದು ಸಂಖ್ಯೆಯಿತ್ತು, ಅರವತ್ತೇಳು. ಇಲ್ಲಿ ನನ್ನ ವಿದ್ವತ್ತು ಪ್ರವೇಶಿಸುತ್ತದೆ. ಹೊರಗಿನವರಿಗೆ ಅದು ಸರಳವಾದ ಇಸವಿ. ನಮ್ಮ ಸೀಮೆಯವರಿಗೆ ಅಷ್ಟು ಸುಲಭವಲ್ಲ. ನಿಜಾಮನ ಕಾಗದಪತ್ರಗಳಲ್ಲಿ ಫಸಲಿ ವರ್ಷ ಬಳಕೆಯಲ್ಲಿತ್ತು. ಅದಕ್ಕೆ ಐನೂರ ತೊಂಬತ್ತು ಕೂಡಿಸಿದರೆ ಇಸವಿ. ಗಡಿಯಾಚೆಯ ಮರಾಠಿ ಪಂಚಾಂಗ ನೋಡುವವರಿಗೆ ಶಕವರ್ಷ. ಅದಕ್ಕೆ ಎಪ್ಪತ್ತೆಂಟು ಕೂಡಿಸಬೇಕು. ಹೀಗಾಗಿ ಒಂದೇ ಅರವತ್ತೇಳು ಮೂರು ಬೇರೆ ಬೇರೆ ವರ್ಷಗಳಾಗಬಲ್ಲದು. ಪರಾತ ಅವ್ವನ ಮದುವೆಯ ಬಳುವಳಿಯೆಂದೇ ನಾನು ನಂಬಿದ್ದೆ. ಆ ಮದುವೆ ರಜಾಕಾರರ ಗಲಾಟೆಗೆ ಮೂರು ವರ್ಷ ಮೊದಲಾದದ್ದೆಂದು ಅವಳೇ ಹೇಳುತ್ತಿದ್ದಳು. ಶಕೆ ಹದಿನೆಂಟುನೂರ ಅರವತ್ತೇಳು ಅದಕ್ಕೆ ಕೂದಲೆಳೆಯಷ್ಟೂ ತಪ್ಪದೆ ಹೊಂದುತ್ತಿತ್ತು. ಈ ನಿರ್ಣಯವನ್ನು ಸಮರ್ಥಿಸಿ ಮನೆಯ ಮಕ್ಕಳಿಗೆಂದು ಮೂರು ಪುಟದ ಟಿಪ್ಪಣಿಯನ್ನೂ ಬರೆದಿದ್ದೆ. ಆರಕ್ಕೂ ಏಳಕ್ಕೂ ನಡುವೆ ಇದ್ದ ಸವೆದ ಒಂದೆರಡು ಚುಕ್ಕಿಗಳನ್ನು 'ಕುಸುರಿಯವನ ಕೈತಪ್ಪು' ಎಂದು ಅಡಿಟಿಪ್ಪಣಿಯಲ್ಲಿ ವಿಲೇವಾರಿ ಮಾಡಿದ್ದೆ.

ಆ ಪರಾತದ ಬಗ್ಗೆ ಅವ್ವ ಒಮ್ಮೆ ಏನನ್ನೋ ಹೇಳಲು ಬಂದಿದ್ದಳು. ನಮ್ಮೊಡನೆ ಇದ್ದ ಕೊನೆಯ ದಿನಗಳಲ್ಲಿ, ಒಂದು ಸಂಜೆ ಪುಂಡಿಪಲ್ಯ ಸೋಸುತ್ತ ಕುಳಿತಿದ್ದವಳು, "ಚನ್ನು, ಪರಾತ ಹುಮನಾಬಾದದಾಗೇ ಅದ ಅಲ್ಲ? ಅದು ಅಮಾನತ್ ಅದ, ನೋಡು," ಎಂದಳು. ಅಂದು ನಮ್ಮ ಕಚೇರಿಯ ಗುಮಾಸ್ತನೊಬ್ಬನನ್ನು ಅಮಾನತು ಮಾಡಿದ್ದರು. ದಿನವಿಡೀ ಅದೇ ಪದ ಕಿವಿಯಲ್ಲಿತ್ತು. "ಯಾಕವ್ವ, ಪರಾತ ಏನು ತಪ್ಪು ಮಾಡ್ತು? ವಿಚಾರಣಿ ಯಾವಾಗ?" ಎಂದೆ. ಅವಳು ನಕ್ಕಳು. "ನಿಂದು ಯಾವಾಗಲೂ ಚ್ಯಾಷ್ಟಿ," ಎಂದು ಮತ್ತೆ ಸೊಪ್ಪಿನ ಕಡೆ ತಿರುಗಿದಳು. ಆಮೇಲೆ ಆ ಮಾತನ್ನು ಎತ್ತಲಿಲ್ಲ. ನಾನೂ ಕೇಳಲಿಲ್ಲ.

ಈಗ ಖೋಲಿಯಲ್ಲಿ ಪರಾತವನ್ನು ಎತ್ತಿ ಬಿಸಿಲುಕೋಲಿಗೆ ಹಿಡಿದಾಗ ಅಕ್ಕ ಒಂದು ಟ್ರಂಕಿನ ತಳದಿಂದ ಅಪ್ಪನ ಅಂಚೆಕಾರ್ಡುಗಳ ಕಟ್ಟನ್ನು ತೆಗೆದಳು. ಓದಬಾರದೆಂಬ ನಿಯಮ ಮಾಡಿದವಳೇ ಮೇಲಿನ ಕಾರ್ಡನ್ನು ಕಣ್ಣಿಗೆ ಹತ್ತಿರ ಹಿಡಿದು ವಿಳಾಸ ಓದಿದಳು: "ಮನಿ ನಂಬರ್ ಆರು-ಎಂಟು..." ಅಷ್ಟಕ್ಕೆ ನಿಂತು, ನನ್ನ ಕೈಯಲ್ಲಿದ್ದುದನ್ನು ನೋಡಿದಳು. "ಎಲ್ಲಿ, ತೋರ್ಸು ಇತ್ತ."

ನೋಡಿದಳು. ಬೆರಳಿನಿಂದ ಧೂಳು ಒರೆಸಿ ಮತ್ತೆ ನೋಡಿದಳು.

"ತಮ್ಮಾ, ಇದು ಆರು-ಏಳು ಅದ."

"ಅರವತ್ತೇಳು ಅಕ್ಕಾ. ಶಕವರ್ಷ."

"ಶಕ ಇಲ್ಲ ಗಿಕ ಇಲ್ಲ. ನಡುವ ಗೀಟು ಅದ, ಕಾಣವಲ್ದೇನು? ನಮ್ಮನಿ ಆರು-ಎಂಟು. ಆರು-ಏಳು ಬಾಜೂಮನಿ ನೀಲವ್ವಂದು. ಇಬ್ಬರ ಹೆಸರೂ ಒಂದ ಅಂತ ಮನಿ ನಂಬರ್ ಹಾಕಿಸ್ಯಾರ."

ನಾನು ಮೂರು ಪಂಚಾಂಗಗಳ ನಡುವೆ ಜೋತುಬಿದ್ದಿದ್ದವನು ಒಮ್ಮೆಗೇ ಪುರಸಭೆಯ ಅಂಗಳಕ್ಕೆ ಬಿದ್ದೆ.

"ಇಷ್ಟು ವರ್ಷ ನೀ ಯಾಕ ಹೇಳಲಿಲ್ಲ?"

"ಹಿಟ್ಟು ನಾದವರು ಒಳಗ ನೋಡ್ತಾರೋ, ಹೊರಗ ಯಾಕ ನೋಡ್ತಾರ? ಮತ್ತ ನೀ ಯಾವಾಗರ ಕೇಳಿದ್ದ್ಯಾ? ನೀ ಬರೀ ಹೇಳಿದ್ದಿ."

ಬಾಗಿಲಲ್ಲಿ ನಿಂತು ನಗುತ್ತಿದ್ದ ವೈಜಿನಾಥನಿಗೆ ಅವ್ವ ಅಂದು ಹೇಳಿದ ಮಾತನ್ನು ತಿಳಿಸಿದೆ. ಅವನ ನಗು ನಿಂತಿತು. "ಅಮಾನತ್ ಅಂದ್ಲೇನು? ಹಾಂಗಾದರ ಹುಡುಗಾಟದ ಮಾತಲ್ಲ. ರೈತ ನಮ್ಮಲ್ಲಿ ಚೀಲ ಇಟ್ಟು ಹೋದ್ರ ಅದು ಅಮಾನತ್. ಇಲಿ ತಿಂದ್ರೂ ಜವಾಬ್ ನಾವ ಕೊಡಬೇಕು. ಇಟ್ಟವರು ಸತ್ರ ಅವರ ಮಕ್ಕಳಿಗೆ ಮುಟ್ಟಿಸಬೇಕು."

ಪದ ಒಂದೇ. ಕಚೇರಿಯ ಕನ್ನಡದಲ್ಲಿ ಅದು ಶಿಕ್ಷೆ, ನಮ್ಮ ಓಣಿಯ ಕನ್ನಡದಲ್ಲಿ ನಂಬಿಕೆ. ಅವ್ವ ಓಣಿಯ ಮಾತನ್ನಾಡಿದ್ದಳು. ನಾನು ಕಚೇರಿಯಿಂದ ಉತ್ತರಿಸಿದ್ದೆ. ಆರು-ಏಳರ ನೀಲವ್ವ ತನ್ನ ಪರಾತವನ್ನು ನಮ್ಮಲ್ಲಿ ನಂಬಿಕೆಯಿಂದ ಇಟ್ಟಿದ್ದರೆ, ಅದನ್ನು ಹಿಂದಿರುಗಿಸುವ ಭಾರ ಅವ್ವನ ಎದೆಯ ಮೇಲಿತ್ತು. ಅದನ್ನು ನನಗೆ ಒಪ್ಪಿಸಲು ಬಂದಾಗ ನಾನು ಚೇಷ್ಟೆ ಮಾಡಿ ಬಾಗಿಲು ಹಾಕಿಬಿಟ್ಟಿದ್ದೆ. ಇಟ್ಟುಕೊಳ್ಳಬೇಕೆಂದು ಬಂದ ಒಂದೇ ವಸ್ತು ನಮ್ಮದಾಗಿರಲಿಲ್ಲ. ಅದು ಹೋಗಲಿ, ಕಂಡವರ ಅಮಾನತ್ ನುಂಗಿದ ಹೆಸರು ಅವ್ವನಿಗೆ ಬಂದಿದ್ದರೆ?

ನೀಲವ್ವ ತೀರಿಹೋಗಿ ಬಹಳ ಕಾಲವಾಗಿತ್ತು. ಅವಳ ಮಗಳು ಕಾಶಮ್ಮ ಹತ್ತಿರದ ಕೊಹಿನೂರ ಎಂಬ ಹಳ್ಳಿಯ ಒಕ್ಕಲು ಮನೆಯಲ್ಲಿದ್ದಾಳೆಂದು ಅಕ್ಕ ಹೇಳಿದಳು. ಕೀಲಿಕೈಯನ್ನು ವೈಜಿನಾಥನ ಕೈಗಿಟ್ಟು, ಆ ರಾತ್ರಿ ಅಕ್ಕನ ಮನೆಯಲ್ಲಿ ಮಲಗಿ, ಮರುದಿನ ಬೆಳಿಗ್ಗೆ ಪರಾತವನ್ನು ಹುಣಸೆಹಣ್ಣು ಹಚ್ಚಿ ತೊಳೆದು, ಕೊಹಿನೂರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕ್ಷಮಾಪಣೆಯ ಮಾತುಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದೆ. ಕಿಟಕಿಯಾಚೆ ಕೊಯ್ಲು ಮುಗಿದ ಕರಿಯ ಹೊಲಗಳು ಬಿಸಿಲಿನಲ್ಲಿ ತೂಕಡಿಸುತ್ತಿದ್ದವು. ತೊಡೆಯ ಮೇಲಿನ ಪರಾತದೊಳಗೆ ಆಕಾಶದ ಒಂದು ತುಂಡು ಅಲುಗುತ್ತ, ಹಿಟ್ಟಿನ ಮುದ್ದೆಯಂತೆ ಹಿಗ್ಗುತ್ತ ಕುಗ್ಗುತ್ತ ಬಂತು.

ಕಾಶಮ್ಮ ಅಂಗಳದಲ್ಲಿ ಮೊರದಿಂದ ತೊಗರಿ ಕೇರುತ್ತಿದ್ದಳು. "ಬರ್ರಿ, ಕೂಡ್ರಿ. ಗುರ್ತು ಹತ್ತಲಿಲ್ಲರಿ," ಎಂದಳು.

"ಬಸವಕಲ್ಯಾಣದ ನೀಲಮ್ಮನ ಮಗ. ಆರು-ಎಂಟು."

ಮೊರ ನಿಂತಿತು. "ಅಯ್ಯ ಶಿವನ! ಚನ್ನು ಏನೋ ನೀ? ನಿನ್ನ ಮೂಗ ಒರಸಿ ಒರಸಿ ನನ್ನ ಲಂಗದ ಚುಂಗು ಹರದು ಹೋಗಿತ್ತು. ಈಗ ನೋಡಿದ್ರ ತಲಿ ಮ್ಯಾಲ ಒಂದ ಕೂದಲ ಇಲ್ಲ."

ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಅರ್ಧ ಅಲ್ಲೇ ಚೆದುರಿದವು. ಉಳಿದ ಅರ್ಧವನ್ನು ಹೇಳಿದೆ. ಪರಾತವನ್ನು ಅವಳ ಮುಂದಿಟ್ಟು, ಹತ್ತೊಂಬತ್ತು ವರ್ಷ ಬೀಗದೊಳಗಿಟ್ಟು ತಡ ಮಾಡಿದವನು ನಾನು, ಅವ್ವನ ತಪ್ಪಿಲ್ಲ ಎಂದೆ. ಅವಳು ಅಂಚಿನ ಚುಕ್ಕಿಗಳನ್ನು ಸವರಿ, ಬೆರಳ ಗೆಣ್ಣಿನಿಂದ ಒಮ್ಮೆ ಬಡಿದು, ಅದರ ನಾದ ಆರುವವರೆಗೂ ಕೇಳಿ, ಆಮೇಲೆ ನಗಲಾರಂಭಿಸಿದಳು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು.

"ನೀ ಹುಟ್ಟಿದ ಮ್ಯಾಲ ನಿಮ್ಮವ್ವಗ ಜ್ವರ ಹಿಡದು ಬಾಳ ದಿನ ಏಳಲಿಲ್ಲ. ನಮ್ಮವ್ವ ದಿನಾ ಈ ಪರಾತದಾಗ ರೊಟ್ಟಿ ಪಲ್ಯ ಇಟ್ಟು ನಿಮ್ಮನಿಗಿ ಕಳಸ್ತಿದ್ಲು. ಆರಾಮ ಆದ ಮ್ಯಾಲ, ಖಾಲಿ ಪಾತ್ರಿ ತಿರುಗಿ ಕಳಸಬಾರದಲ್ಲ, ನಿಮ್ಮವ್ವ ಗೋದಿ ಹುಗ್ಗಿ ತುಂಬಿ ಕಳಸಿದ್ಲು. ತಿಂದು ತೊಳಿಯೂ ಮುಂದ ನಮ್ಮವ್ವ ನೋಡ್ತಾಳ, ಆರು-ಎಂಟು! ನಮ್ಮದು ಇಟ್ಕೊಂಡು ನಿಮ್ಮದು ಕಳಸ್ಯಾಳ. ಅದಲಿಬದಲಿ ಆಗಬಾರದಂತ ನಂಬರ್ ಹಾಕಿಸಿದ್ದು, ಅದ ಆತು!"

"ಆಮ್ಯಾಲ?"

"ಆಮ್ಯಾಲ ಏನು, ಇಬ್ಬರೂ ಕಟ್ಟಿ ಮ್ಯಾಲ ಕುಂತು ನಕ್ಕಿದ್ದ ನಕ್ಕಿದ್ದು. ನಮ್ಮವ್ವ ಅಂದ್ಲು, ಇರಲಿ ಬಿಡ, ನಿಂದು ನನ್ನ ಕಡಿ ಅಮಾನತ್, ನಂದು ನಿನ್ನ ಕಡಿ ಅಮಾನತ್. ಯಾರು ಮೊದಲ ತಿರುಗಿ ತರ್ತಾರೋ ಅವರು ಸೋತಂಗ. ಪಣ ಕಟ್ಟಿದ್ರು. ಇಬ್ಬರೂ ಹಟದವರು. ಸಾಯೂತನ ಇಬ್ಬರೂ ತರಲಿಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನನ್ನು ನೋಡಿದಳು. "ಇವತ್ತ ನೀ ತಂದಿ."

ಒಳಗಿನಿಂದ ಸೊಸೆ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಅವ್ವನ ಹೆಸರು ಉಳಿಸಲು ಬಂದವನು ಅವ್ವನನ್ನು ಸೋಲಿಸಿ ಕುಳಿತಿದ್ದೆ.

"ಇದು ಯಾವ ವರ್ಷದ ಮಾತು, ಕಾಶಕ್ಕಾ?" ಎಂದೆ. ಬೇರೇನೂ ಹೊಳೆಯಲಿಲ್ಲ, ಕಷ್ಟ ಬಂದಾಗ ನನಗೆ ಬರುವ ಮಾತು ಅದೊಂದೇ.

"ನೀ ಹುಟ್ಟಿದ ವರ್ಷ. ನಿನಗ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ನನ್ನ ದಾಖಲೆಗಳಲ್ಲಿರುವುದು ಶಾಲೆಯ ಮಾಸ್ತರರು ಬರೆದುಕೊಂಡ ಜೂನ್ ಒಂದು. ನಮ್ಮ ಪೀಳಿಗೆಯ ಅರ್ಧ ಬೀದರ ಜಿಲ್ಲೆ ಜೂನ್ ಒಂದಕ್ಕೇ ಹುಟ್ಟಿದೆ. ಎಲ್ಲ ರಾಜರ ತಿಥಿಗಳನ್ನೂ ತಾಳೆ ನೋಡಿದವನು ತನ್ನದೊಂದನ್ನು ಕೇಳಬೇಕಾದವಳ ಬಳಿ ಕೇಳಲಿಲ್ಲ.

ಕಾಶಮ್ಮ ಒಳಗೆ ಹೋಗಿ ಇನ್ನೊಂದು ಪರಾತವನ್ನು ತಂದಳು. ಬೆಳಗಿನ ಹಿಟ್ಟು ನಾದಿ ತೊಳೆದದ್ದು, ಇನ್ನೂ ಹಸಿಯಾಗಿತ್ತು. ನಡುವೆ ನಾದಿ ನಾದಿ ಕನ್ನಡಿಯಂತೆ ತೆಳ್ಳಗಾಗಿತ್ತು. ಅಂಚಿನಲ್ಲಿ 'ನೀಲಮ್ಮ', ಮುಂದೆ ಆರು, ಸ್ಪಷ್ಟವಾದ ಗೀಟು, ಎಂಟು. ಅವ್ವನದು. ನಾನು ಜೀವನದಲ್ಲಿ ಮೊದಲ ಸಲ ಅದನ್ನು ನೋಡುತ್ತಿದ್ದೆ. ಬೆರಳಿಟ್ಟೆ. ತಂಪಾಗಿತ್ತು. ಬದಲಾಯಿಸಿಕೊಡುವೆಯಾ ಎಂದು ಕೇಳಲು ಬಾಯಿ ತೆರೆದೆ.

"ಇದು ಕೊಡಂಗಿಲ್ಲ ನೋಡು, ಮೊದಲ ಹೇಳ್ತೀನಿ," ಎಂದಳು. "ಲಗ್ನ ಆಗಿ ಬರೂ ಮುಂದ ನಮ್ಮವ್ವ ನನ್ನ ಕೈಯಾಗ ಕೊಟ್ಟದ್ದು. ಅವತ್ತಿಂದ ದಿನಾ ಇದರಾಗೇ ನಾದೀನಿ. ನೀ ಏನು ಮಾಡಿದಿ? ಹತ್ತೊಂಬತ್ತು ವರ್ಷ ಕೀಲಿ ಹಾಕಿ ಇಟ್ಟಿ."

ಅವಳು ನಾನು ತಂದ ಪರಾತವನ್ನು ತನ್ನತ್ತ ಎಳೆದುಕೊಂಡು ನಾಲ್ಕು ಬೊಗಸೆ ಜೋಳ ಸುರಿದಳು, ಮೇಲೊಂದು ಬೆಲ್ಲದ ಹೆಂಟೆ ಇಟ್ಟಳು, ಹಳೆಯ ಸೀರೆಯ ತುಂಡಿನಿಂದ ಬಿಗಿದು ಕಟ್ಟಿದಳು.

"ಖಾಲಿ ಕಳಸಬಾರದು. ಒಯ್ಯಿ. ನೀ ತಂದಿದ್ದಿ ಅಂಬೋದು ನಾ ಮರ್ತೀನಿ, ನೀನೂ ಮರಿ. ಪಣ ಇನ್ನೂ ಮುಗದಿಲ್ಲ." ಗಂಟನ್ನು ನನ್ನ ಕೈಗಿಟ್ಟು, "ಮತ್ತ ಕೀಲಿ ಹಾಕಿಟ್ಟೀ ಜೋಕಿ. ಹೆಂಡ್ತಿಗಿ ಹೇಳು, ನಾಳಿ ಇದರಾಗೇ ನಾದು ಅಂತ."

ಹಿಂದಿರುಗುವ ಬಸ್ಸು ತುಂಬಿತ್ತು. ಗಂಟು ತೊಡೆಯ ಮೇಲೆ ನಿಲ್ಲಲಾರದೆ ಸೀಟುಗಳ ನಡುವಿನ ದಾರಿಯತ್ತ ಜಾರುತ್ತಿತ್ತು. ಬಟ್ಟೆಯ ಮೇಲಿಂದಲೇ ಚುಕ್ಕಿಗಳು ಬೆರಳಿಗೆ ಹತ್ತುತ್ತಿದ್ದವು, ನೀ, ಲ... ಬಿಸಿಲಿಗೂ ಬಸ್ಸಿನ ತೂಗಾಟಕ್ಕೂ ಕಣ್ಣು ಎಳೆಯುತ್ತಿತ್ತು. ಜೋಳದ ವಾಸನೆಯಲ್ಲಿ ಓಣಿಯ ಕಟ್ಟೆ ತೇಲಿ ಬಂತು, ಅದರ ಮೇಲೆ ಒಂದೇ ಹೆಸರಿನ ಇಬ್ಬರು ಹರೆಯದ ಹೆಂಗಸರು ನಗುತ್ತ ಕುಳಿತಿದ್ದರು, ಒಬ್ಬಳ ಮಡಿಲಲ್ಲಿ ತಾರೀಖಿಲ್ಲದ ಒಂದು ಕೂಸು.

"ಈ ಪರಾತದ ಗಂಟು ಯಾರ್ದ್ರೀ ದಾರ್ಯಾಗ?" ಕಂಡಕ್ಟರ್ ಕೂಗಿದ.

ಅರೆನಿದ್ದೆಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿದೆ: "ನೀಲಮ್ಮಂದು."

ಅವನು ತಲೆಯೆತ್ತಿ ಬಸ್ಸಿನುದ್ದಕ್ಕೂ ಹೆಂಗಸರ ಸೀಟುಗಳ ಮೇಲೆ ಕಣ್ಣು ಹಾಯಿಸಿದ. "ನೀಲಮ್ಮ ಯಾರ್ರೀ?"

ಹಿಂದಿನಿಂದ ಒಬ್ಬ ಮುದುಕಿಯ ದನಿ ಬಂತು.

"ನಾನ್ರೀ. ಯಾಕ್ರಿ?"

ನಾನು ತಿರುಗಿ ನೋಡಲಿಲ್ಲ. ಪರಾತವನ್ನು ಮಾತ್ರ ಮತ್ತೆ ತೊಡೆಯ ಮೇಲೆ ಎತ್ತಿಟ್ಟುಕೊಂಡೆ.